ಅವಳ ಅನುಮತಿ ಮಾತ್ರ ಬಾಕಿ

"ಯಾರ್ರೀ ನೀವು?!"

ಗೋಡೆಯ ದೊಡ್ಡ ಪರದೆಯ ಮೇಲೆ ಏಕಾಏಕಿ ಮೂಡಿದ ಗಂಡಸಿನ ಮುಖ ನೋಡಿ ಅವಳು ಕುರ್ಚಿಯಿಂದ ಎದ್ದೇಬಿಟ್ಟಳು.

ಕೆದರಿದ ಕೂದಲು, ಮೂಗಿನ ಮೇಲೆ ಜಾರಿದ ಕನ್ನಡಕ... ಬೆಳಗಿನ ಮೊದಲ ಮೀಟಿಂಗ್ ಶುರುವಾಗಲು ಇನ್ನೂ ಹೊತ್ತಿತ್ತು. ಅವಳು ಇನ್ನೂ ಯಾರನ್ನೂ ಕರೆದಿರಲಿಲ್ಲ. ಹಾಗಾದರೆ ಇವನ್ಯಾರು? ಒಳಗೆ ಬಂದದ್ದಾದರೂ ಹೇಗೆ?

"ಮೇಡಂ, ನಾನು..." ಅಂತ ಅವನು ಬಾಯಿ ತೆರೆದ.

ಅಷ್ಟರಲ್ಲೇ ಅವಳು ಬಟನ್ ಒತ್ತಿಯಾಗಿತ್ತು. ಮುಖ ಮಾಯ!

'ಹೋದ ವಾರ ಬಂದವನೇ ಇರಬೇಕು... ಮತ್ತೆ ಬಂದಿದ್ದಾನೆ!'

ಪರದೆ ಮತ್ತೆ ಬೆಳಗಿತು. ಅದೇ ಕನ್ನಡಕ.

"ಒಂದ್ನಿಮಿಷ ನನ್ ಮಾತು ಕೇಳಿ ಮೇಡಂ, ನಾನು ಅಪ್ಡೇಟ್..."

"ಅಪ್ಡೇಟೂ ಇಲ್ಲ, ಗಿಪ್ಡೇಟೂ ಇಲ್ಲ. ನಾಚಿಕೆ ಆಗಲ್ವಾ? ಕಾಯಿಲೆಯವರು ಮಾತಾಡೋ ಜಾಗ ಇದು!"

ಮತ್ತೆ ಹೊರಗೆ!

ಆಮೇಲೆ ಪರದೆ ಸುಮ್ಮನಾಯಿತು. ಅವಳು ಉಸಿರು ಬಿಡುವಷ್ಟರಲ್ಲಿ ಕೋಣೆಯ ಬಾಗಿಲನ್ನೇ ಯಾರೋ ತಟ್ಟಿದರು. ತೆರೆದರೆ ಎದುರಿಗೆ ಅದೇ ಮುಖ, ಅದೇ ಕನ್ನಡಕ. ಹಿಂದೆ ಆಸ್ಪತ್ರೆಯ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎಂದು ಕರೆಯುವವರು, ಬಾಯಿಗೆ ಕೈ ಅಡ್ಡ ಇಟ್ಟು ನಗು ತಡೆಯುತ್ತ ನಿಂತಿದ್ದರು.

"ನಮ್ಮ ವಿಡಿಯೋ ಮೀಟಿಂಗ್ ಸಾಫ್ಟ್‌ವೇರ್ ಅಪ್ಡೇಟ್ ಮಾಡಿ ಭದ್ರ ಮಾಡೋಕೆ ಬಂದಿರೋ ಎಂಜಿನಿಯರ್ ಇವರು. ಪಕ್ಕದ ರೂಮಲ್ಲಿ ಕೂತಿದ್ರು. ಅವರನ್ನ ಯಾಕಮ್ಮ ಆಚೆ ಹಾಕ್ತಾ ಇದ್ದೀಯ?"

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು!

"ಸಾರಿ ಸಾರ್... ನನಗೆ ಗೊತ್ತಿರಲಿಲ್ಲ..."

ಅವನು ಕನ್ನಡಕ ಮೇಲಕ್ಕೆ ತಳ್ಳಿಕೊಂಡ. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ನಿಮ್ಮ ಸಾಫ್ಟ್‌ವೇರ್ ನಾನ್ಯಾರು ಅಂತ ಕೇಳ್ಲೇ ಇಲ್ಲ ಮೇಡಂ, ಸೀದಾ ಒಳಗೆ ಬಿಡ್ತು. ಕೇಳಿದ್ದು ನೀವೊಬ್ಬರೇ. ಸದ್ಯಕ್ಕೆ ಈ ಆಸ್ಪತ್ರೆಗೆ ಇರೋ ಬೀಗ ಅಂದ್ರೆ ನೀವೇ."

ಇದು ಹೊಗಳಿಕೆಯೋ, ಗೇಲಿಯೋ? ಅವಳಿಗೆ ತಿಳಿಯಲಿಲ್ಲ. ಅವನ ವಿಷಯದಲ್ಲಿ ಅವಳಿಗೆ ಹೀಗೆ ಏನೂ ತಿಳಿಯದೆ ಹೋಗುವುದು ಅಂದಿನಿಂದಲೇ ಶುರುವಾಯಿತು ನೋಡಿ!

ಅವಳು ಆ ಆಸ್ಪತ್ರೆಯ ವಿಡಿಯೋ ಡೆಸ್ಕಿನಲ್ಲಿ ಕೆಲಸ ಮಾಡುತ್ತಿದ್ದಳು. ದೂರದೂರದ ರೋಗಿಗಳನ್ನು ಡಾಕ್ಟರ ಜೊತೆ ಪರದೆಯಲ್ಲಿ ಜೋಡಿಸಿಕೊಡುವುದು ಅವಳ ಕೆಲಸ. "ಲಿಂಕ್ ಕಳಿಸಮ್ಮಾ", "ಲಿಂಕ್ ಬಂದಿಲ್ಲಮ್ಮಾ" ಅಂತ ದಿನವಿಡೀ ಕೇಳಿ ಕೇಳಿ ಅವಳ ಹೆಸರೇ ಲಿಂಕಮ್ಮ ಎಂದಾಗಿತ್ತು. ಅವಳಿಗೆ ಬೇಸರವೇನೂ ಇರಲಿಲ್ಲ. ಹೆದರಿಕೊಂಡು ಕೂತ ರೋಗಿಗೆ ಮೊದಲು ಕೇಳಿಸುವುದು ತನ್ನ ದನಿ... "ಕೇಳಿಸ್ತಾ ಇದೆಯಾ ಅಮ್ಮ? ಹೆದರ್ಕೋಬೇಡಿ, ನಾನಿದ್ದೀನಿ." ಅದು ಅವಳಿಗೆ ಹೆಮ್ಮೆ.

ಆ ಹೆಮ್ಮೆಗೇ ಹೋದ ವಾರ ಪೆಟ್ಟು ಬಿದ್ದಿತ್ತು.

ವಯಸ್ಸಾದ ಹೆಂಗಸೊಬ್ಬರಿಗೆ ಡಾಕ್ಟರು ಆಪರೇಷನ್ ವಿಷಯ ಹೇಳುತ್ತಿದ್ದಾಗ ಯಾವನೋ ಅಪರಿಚಿತ ಮೀಟಿಂಗ್‌ಗೆ ನುಗ್ಗಿ, ಅವರ ಕಾಯಿಲೆಯನ್ನೇ ಆಡಿಕೊಂಡು ಗಹಗಹಿಸಿ ನಕ್ಕಿದ್ದ. ಆ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ಅತ್ತಿದ್ದರು. ಅವತ್ತಿನಿಂದ ಆಸ್ಪತ್ರೆಯಲ್ಲಿ ಗುಸುಗುಸು... 'ಲಿಂಕ್ ಇರೋದು ಲಿಂಕಮ್ಮನ ಕೈಲಿ. ಅವಳೇ ಎಲ್ಲೋ ಹಂಚಿರಬೇಕು.'

ಅವಳು ಹಂಚಿರಲಿಲ್ಲ. ಆದರೆ ಅದನ್ನು ತೋರಿಸಿಕೊಡುವುದು ಹೇಗೆ?

ಆ ಸಾಫ್ಟ್‌ವೇರನ್ನು ಹಾಕಿದ ದಿನದಿಂದ ಯಾರೂ ಮುಟ್ಟಿರಲಿಲ್ಲ. ಓಡುತ್ತಿದೆಯಲ್ಲ, ಯಾಕೆ ಕೆದಕಬೇಕು ಅಂತ! ಅಪ್ಡೇಟ್ ಮಾಡಿ ಅಂತ ಅದು ಕೇಳಿದಾಗಲೆಲ್ಲ 'ಆಮೇಲೆ' ಅಂತ ಒತ್ತಿ ಕಳಿಸುತ್ತಿದ್ದರು. ಅದಕ್ಕಿಂತ ತಮಾಷೆ ಎಂದರೆ ಅದನ್ನು ನಡೆಸುವವರಿಗೆಲ್ಲ ಸೇರಿ ಇದ್ದದ್ದು ಒಂದೇ ಅಕೌಂಟ್, 'ಅಡ್ಮಿನ್'. ಪಾಸ್‌ವರ್ಡೋ, ಆಸ್ಪತ್ರೆಯ ಹೆಸರು, ಮುಂದೆ ಒಂದು ಎರಡು ಮೂರು! ದೊಡ್ಡ ಡಾಕ್ಟರಿಂದ ವಾರ್ಡಿನ ಆಯಾವರೆಗೆ ಎಲ್ಲರಿಗೂ ಬಾಯಿಪಾಠ. ಯಾರು ಏನೇ ಮಾಡಲಿ, ದಾಖಲೆಯಲ್ಲಿ ಬೀಳುತ್ತಿದ್ದದ್ದು 'ಅಡ್ಮಿನ್ ಮಾಡಿದ್ದು' ಅಂತಲೇ. ಎಲ್ಲರ ಕೆಲಸವೂ ಒಬ್ಬನ ತಲೆಗೆ. ಈಗ ಆ ಅಡ್ಮಿನ್ ಎಂದರೆ ಅವಳೇ ಅಂತ ಎಲ್ಲರೂ ಬೆರಳು ತೋರಿಸುತ್ತಿದ್ದರು.

ಅವನು ಬಂದದ್ದು ಇದನ್ನೆಲ್ಲ ಸರಿಮಾಡಲು. ಎರಡೇ ದಿನದಲ್ಲಿ ಅವನಿಗೂ ಒಂದು ಹೆಸರು ಬಿತ್ತು... ಬೀಗದ ಸಾರ್!

ಹೊಸದನ್ನು ಹಾಕುವ ಮೊದಲು ಪ್ರತಿ ಕೋಣೆಯ ಕ್ಯಾಮೆರಾ, ಮೈಕು ಪರೀಕ್ಷೆ ಮಾಡಬೇಕಿತ್ತು. ಮಧ್ಯಾಹ್ನದ ಹೊತ್ತು, ರೋಗಿಗಳಿಲ್ಲದಾಗ, ಅವನು ಒಂದೊಂದು ಕೋಣೆಗೆ ಹೋಗಿ ಕೂರುತ್ತಿದ್ದ. ಅವಳು ಡೆಸ್ಕಿನಲ್ಲಿ.

"ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಸಾರ್."

"ಏನಾದ್ರೂ ಮಾತಾಡಿ, ದನಿ ಎಷ್ಟು ಬರುತ್ತೆ ನೋಡ್ಬೇಕು."

"ಏನ್ ಮಾತಾಡ್ಲಿ?"

"ಏನಾದ್ರೂ. ಬೆಳಿಗ್ಗೆ ಏನ್ ತಿಂದ್ರಿ?"

"ಬ್ರೆಡ್ಡು. ಅದೂ ಸೀದಿದ್ದು. ಅತ್ತಿಗೆ ಫೋನಲ್ಲಿ ಮಾತಾಡ್ತಾ ಸುಟ್ಟಾಕಿದ್ರು."

ಅವನು ನಕ್ಕುಬಿಟ್ಟ! ಪರದೆಯ ತುಂಬ ನಗು. ನಕ್ಕಾಗ ಆ ಮುಖ ಎಷ್ಟು ಬದಲಾಗುತ್ತದೆ ಅಂತ ಅವಳು ಬೆಪ್ಪಾಗಿ ನೋಡುತ್ತ ಕೂತಳು.

ಹೀಗೆ ಶುರುವಾದ ಮಾತು ದಿನಾ ಬೆಳೆಯಿತು. ಮೈಕ್ ಪರೀಕ್ಷೆಯ ನೆಪದಲ್ಲಿ ಅವಳು ಅಣ್ಣ-ಅತ್ತಿಗೆಯ ಜಗಳ ಹೇಳಿದಳು. ಅವನು ಚಿಕ್ಕಂದಿನಲ್ಲಿ ತನಗೆ ಉಗ್ಗು ಇದ್ದದ್ದನ್ನು, ಶಾಲೆಯಲ್ಲಿ ಎದ್ದು ನಿಂತು ಓದಲಾಗದೆ ಅತ್ತಿದ್ದನ್ನು ಹೇಳಿದ. "ಈಗ್ಲೂ ಮುಖ್ಯವಾದ ಮಾತು ಹೇಳ್ಬೇಕಾದ್ರೆ ನಾಲಿಗೆ ಕೈಕೊಡುತ್ತೆ. ಮೆಷಿನ್ ಜೊತೆಗಾದ್ರೆ ಆ ಕಷ್ಟ ಇಲ್ಲ," ಎಂದ.

ಒಂದು ಮೈಕನ್ನು ಇಷ್ಟು ಹೊತ್ತು ಪರೀಕ್ಷೆ ಮಾಡಬೇಕೇ? ಅಂತ ನೀವು ಕೇಳಬಹುದು. ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ. ಇಬ್ಬರಿಗೂ ಅದು ಬೇಕಾಗಿರಲಿಲ್ಲ!

"ಏನೇ ಇದು, ಒಬ್ಬಳೇ ನಗ್ತಾ ಇದ್ದೀಯ?" ಅತ್ತಿಗೆ ತರಕಾರಿ ಹೆಚ್ಚುತ್ತ ಓರೆಗಣ್ಣಲ್ಲಿ ನೋಡಿದಳು.

"ಏನಿಲ್ಲ ಅತ್ತಿಗೆ."

"ಏನಿಲ್ಲ ಅನ್ನೋದಕ್ಕೆ ಯಾರೂ ಹೀಗೆ ಕೆಂಪಾಗಲ್ಲ ಕಣೇ. ಬೀಗ ಹಾಕೋಕೆ ಬಂದವನು ಇನ್ನೇನೋ ತೆಗೆದಿರೋ ಹಾಗಿದೆ!"

"ಥೂ, ಸುಮ್ನಿರಿ ಅತ್ತಿಗೆ!" ಅಂತ ಅವಳು ಎದ್ದು ಓಡಿದಳು.

ಹೊಸ ಸಾಫ್ಟ್‌ವೇರ್ ಹಾಕಿದ ದಿನ ಎಲ್ಲರಿಗೂ ಸಂಭ್ರಮ. ಹಳೆಯ 'ಅಡ್ಮಿನ್' ಅಕೌಂಟನ್ನು ಅವನು ಎಲ್ಲರೆದುರೇ ಅಳಿಸಿದ. ಇನ್ನು ಒಬ್ಬೊಬ್ಬರಿಗೂ ಅವರವರದೇ ಅಕೌಂಟ್, ಅವರವರದೇ ಪಾಸ್‌ವರ್ಡ್. ಯಾರು ಏನು ಮಾಡಿದರೂ ಅವರ ಹೆಸರಲ್ಲೇ. ಪ್ರತಿ ಮೀಟಿಂಗ್‌ಗೂ ಕಾಯುವ ಕೋಣೆ ಬಂತು. ಡೆಸ್ಕಿನವರು ಮುಖ ನೋಡಿ ಒಳಗೆ ಬಿಟ್ಟರೆ ಮಾತ್ರ ಪ್ರವೇಶ.

ರಿಸೆಪ್ಷನ್‌ನಲ್ಲಿ ಕೂರುವ ಅವಳ ಗೆಳತಿಯ ಫೋನು 'ಟಿಂಗ್' ಎಂದಿತು. ಅಕೌಂಟ್ ತಯಾರು! ನರ್ಸ್‌ಗಳಿಗೂ ಬಂತು. ಲ್ಯಾಬಿನವರಿಗೂ ಬಂತು.

ಅವಳು ಫೋನನ್ನು ಅಂಗೈಯಲ್ಲಿಟ್ಟುಕೊಂಡು ಕಾದಳು. ಕೊನೆಗೆ ಬಂದದ್ದು ಒಂದೇ ಸಾಲು.

'ನಿಮ್ಮ ಖಾತೆಗೆ ಅನುಮತಿ ಬಾಕಿ ಇದೆ.'

'ತಡವಾಗಿರಬೇಕು,' ಅಂದುಕೊಂಡಳು. ಸಂಜೆಯಾಯಿತು. ಮರುದಿನವೂ ಅದೇ ಸಾಲು. ಅವಳ ಕುರ್ಚಿಯಲ್ಲಿ ಕೂತು ಗೆಳತಿ ಮೀಟಿಂಗ್ ನಡೆಸುತ್ತಿದ್ದರೆ, ಅವಳು ಪಕ್ಕದಲ್ಲಿ ಕೈ ಕಟ್ಟಿ ನಿಲ್ಲಬೇಕಾಯಿತು. ಹಾದುಹೋಗುವವರ ಕಣ್ಣುಗಳು ಅವಳನ್ನು ಸವರಿಕೊಂಡೇ ಹೋಗುತ್ತಿದ್ದವು.

ತಡೆಯಲಾಗದೆ ಕಾರಿಡಾರಿನಲ್ಲಿ ಅವನನ್ನು ಅಡ್ಡಗಟ್ಟಿದಳು.

"ಸಾರ್, ಎಲ್ಲರದ್ದೂ ಆಯ್ತು. ನನ್ನದು?"

ಅವನ ಮುಖ ಸಪ್ಪಗಾಯಿತು. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ನಿಮ್ಮದು... ನಾನು ಮಾಡಲ್ಲ."

"ಮಾಡಲ್ವಾ?! ಯಾಕೆ?"

"ಅದು... ಈಗ ಹೇಳೋಕೆ ಬ-ಬರಲ್ಲ. ಸ್ವಲ್ಪ ದಿನ ತಡ್ಕೊಳ್ಳಿ. ದಯವಿಟ್ಟು."

ಅಷ್ಟು ಹೇಳಿ ಹೋಗೇಬಿಟ್ಟ. ಅವಳು ನಿಂತಲ್ಲೇ ನಿಂತಳು. ಈ ಬಾಯಿಯೇನಾ ನಿನ್ನೆಯವರೆಗೆ ಸೀದ ಬ್ರೆಡ್ಡಿನ ಸುದ್ದಿಗೆ ನಕ್ಕಿದ್ದು?

ಗೆಳತಿ ಅವಳನ್ನು ಮೂಲೆಗೆ ಎಳೆದುಕೊಂಡು ಹೋಗಿ ಹೇಳಿದ ಮಾತಂತೂ ಉಳಿದ ಧೈರ್ಯವನ್ನೂ ಕಿತ್ತುಕೊಂಡಿತು.

"ನಾನು ದೊಡ್ಡ ಮೇಡಂ ರೂಮಿಗೆ ಫೈಲ್ ಕೊಡೋಕೆ ಹೋಗಿದ್ದೆ ಕಣೇ. ನಿನ್ನ ಬೀಗದ ಸಾರ್ ಅಲ್ಲೇ ಇದ್ರು. 'ಲಿಂಕಮ್ಮನ ಅಕೌಂಟಿಗೆ ನಾನು ಒಪ್ಪಿಗೆ ಕೊಡಲ್ಲ, ಅವರ ವಿಷಯ ಬೇರೆಯವರು ವಿಚಾರಿಸಲಿ' ಅಂತಿದ್ರು. ನನ್ನ ನೋಡಿ ಇಬ್ಬರೂ ಸುಮ್ಮನಾದ್ರು."

ಹಾಗಾದರೆ ಅವನಿಗೂ ಅನುಮಾನ!

ಊರೆಲ್ಲ ಅನುಮಾನ ಪಟ್ಟರೂ ಅವಳು ಸಹಿಸಿಕೊಳ್ಳುತ್ತಿದ್ದಳು. ಇವನೂ ಪಟ್ಟನಲ್ಲ... 'ಮೈಕ್ ಪರೀಕ್ಷೆ ಅಂತ ನನ್ನನ್ನ ಮಾತಾಡಿಸಿದ್ದು ಬಾಯಿ ಬಿಡಿಸೋಕಾ? ಅಣ್ಣ, ಅತ್ತಿಗೆ, ಮನೆ ವಿಷಯ ಎಲ್ಲ ಕೇಳಿದ್ದು ತನಿಖೆಗಾ?'

ಆದರೆ ಮರುಕ್ಷಣವೇ ಇನ್ನೊಂದು ಯೋಚನೆ. ತನಿಖೆ ಮಾಡುವವನು ತನ್ನ ಉಗ್ಗಿನ ಕಥೆ ಯಾಕೆ ಹೇಳುತ್ತಾನೆ? ಇವತ್ತು ಬೆಳಿಗ್ಗೆ ಅವಳ ಟೇಬಲ್ಲಿನ ಮೇಲೆ ಟೀ ಇಟ್ಟು ಮಾತಾಡದೆ ಹೋದದ್ದು ಯಾರು? ನಂಬಿಕೆ ಇಲ್ಲದವಳಿಗೆ ಟೀ ಯಾಕೆ? ನಂಬಿಕೆ ಇದ್ದರೆ ಅಕೌಂಟ್ ಯಾಕಿಲ್ಲ?

ತಲೆ ಕೆಟ್ಟು ಹೋಯಿತು ಅವಳಿಗೆ!

ಮಧ್ಯಾಹ್ನ ಹೊಸ ಸಾಫ್ಟ್‌ವೇರಿನಲ್ಲಿ ಕೊನೆಯ ಕೋಣೆಯ ಮರುಪರೀಕ್ಷೆ. ಗೆಳತಿ ಪರದೆ ಹಚ್ಚಿಟ್ಟು ಊಟಕ್ಕೆ ಎದ್ದಿದ್ದರಿಂದ ಡೆಸ್ಕಿನಲ್ಲಿ ಅವಳೊಬ್ಬಳೇ ಇದ್ದಳು. ಪರದೆಯಲ್ಲಿ ಅವನು ಬಂದ.

"ಕೇಳಿಸ್ತಿದೆಯಾ?"

ಅವಳು ಪರದೆಯನ್ನೇ ಗುರಾಯಿಸುತ್ತ ಕೂತಳು.

"ನಿಮ್ಮ ಮೈಕ್ ಆಫ್ ಆಗಿದೆ ಅನ್ಸುತ್ತೆ..."

ಅವಳು ಮೈಕ್ ಆನ್ ಮಾಡಿದಳು. "ತಾನಾಗೇ ಆಗಿಲ್ಲ ಸಾರ್. ನಾನೇ ಆಫ್ ಮಾಡಿದ್ದೆ. ನನ್ನ ಮೇಲೆ ನಂಬಿಕೆ ಇಲ್ಲದವರ ಹತ್ರ ಏನು ಮಾತಾಡ್ಲಿ?"

ಅವನ ತುಟಿ ಅಲುಗಿತು. ಏನೋ ಹೇಳಬೇಕೆಂದು ಒದ್ದಾಡುತ್ತಿದ್ದಾನೆ ಅಂತ ಕಾಣುತ್ತಿತ್ತು. ದನಿ ಬರಲಿಲ್ಲ. ಅವಳು ಕಾದಳು... ಒಂದೇ ಒಂದು ಮಾತು ಸಾಕಿತ್ತು ಅವಳಿಗೆ. ಅದೂ ಬಾರದಾಗ ಪರದೆ ಆರಿಸಿ, ಮುಖ ತೊಳೆಯುವ ನೆಪದಲ್ಲಿ ಬಾತ್‌ರೂಮಿಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು.

ಮನೆಯಲ್ಲಿ ಅತ್ತಿಗೆಗೆ ಮುಚ್ಚಿಡಲು ಆಗಲಿಲ್ಲ.

"ಅವನು ಒಳ್ಳೆಯವನಾ, ಕೆಟ್ಟವನಾ ಅಂತಾನೇ ಗೊತ್ತಾಗ್ತಿಲ್ಲ ಅತ್ತಿಗೆ. ಕೆಟ್ಟವನು ಅಂತ ಗೊತ್ತಾದ್ರೂ ಸಮಾಧಾನ ಮಾಡ್ಕೋತಿದ್ದೆ."

ಅತ್ತಿಗೆ ಈ ಸಲ ಚುಡಾಯಿಸಲಿಲ್ಲ. ಅವಳ ತಲೆ ಸವರಿದಳು. "ಅವನ ವಿಷಯ ಬಿಡು. ನೀನು ತಪ್ಪು ಮಾಡಿಲ್ಲ ತಾನೇ? ಮತ್ತೆ ಪಕ್ಕದಲ್ಲಿ ಕೈ ಕಟ್ಟಿ ಯಾಕೆ ನಿಲ್ತೀಯ? ನಾಳೆ ಹೋಗಿ ದೊಡ್ಡ ಮೇಡಂನ ನೇರವಾಗಿ ಕೇಳು."

ಕೇಳುವುದೇನು! ಕೆಲಸವನ್ನೇ ಬಿಟ್ಟುಬಿಡುತ್ತೇನೆ ಅಂತ ಅವಳು ನಿರ್ಧಾರ ಮಾಡಿಬಿಟ್ಟಳು.

"ನಾನು ಕೆಲಸ ಬಿಡ್ತೀನಿ ಮೇಡಂ."

ದೊಡ್ಡ ಮೇಡಂ ಕಣ್ಣರಳಿಸಿದರು. "ಏನಾಯ್ತಮ್ಮ? ನಾನೇ ನಿನ್ನ ಕರೀಬೇಕು ಅಂತಿದ್ದೆ. ನಿನ್ನದೇನೂ ತಪ್ಪಿಲ್ಲ ಅಂತ ಈಗಷ್ಟೇ ಗೊತ್ತಾಗಿದೆ. ಮಧ್ಯಾಹ್ನ ಎಲ್ಲರನ್ನೂ ಕರೆದು ಹೇಳ್ತಾ ಇದ್ದೀನಿ."

ಅವಳು ಕಕ್ಕಾಬಿಕ್ಕಿಯಾದಳು. "ಯಾರು... ಹೇಗೆ ಗೊತ್ತಾಯ್ತು ಮೇಡಂ?"

"ಬೇರೆ ಕಡೆಯಿಂದ ಇನ್ನೊಬ್ಬ ಎಂಜಿನಿಯರಮ್ಮನ ಕರೆಸಿದ್ದೆ. ನೀನ್ಯಾರು ಅಂತಾನೂ ಗೊತ್ತಿಲ್ಲ ಆಕೆಗೆ. ಹಳೇ ಸಾಫ್ಟ್‌ವೇರಲ್ಲೇ ತೂತು ಇತ್ತಂತೆ. ಅವತ್ತು ನುಗ್ಗಿದ ಪುಣ್ಯಾತ್ಮ ಹೊರಗಿಂದ ಮೀಟಿಂಗ್ ನಂಬರುಗಳನ್ನ ಒಂದಾದ ಮೇಲೊಂದು ಹಾಕಿ ನೋಡಿದ್ದಾನೆ. ನಮ್ಮದು ತೆರ್ಕೊಂಡಿದೆ. ಲಿಂಕೇ ಬೇಕಾಗಿರಲಿಲ್ಲ ಅವನಿಗೆ!"

ಎದೆಯ ಮೇಲಿನ ಬಂಡೆ ಜಾರಿದ ಹಾಗಾಯಿತು. ಆದರೂ ಒಂದು ಮುಳ್ಳು ಉಳಿದೇ ಇತ್ತು.

"ಇದನ್ನ ಅವರೇ ನೋಡಬಹುದಿತ್ತಲ್ಲ ಮೇಡಂ? ಬೀಗದ... ಅಂದ್ರೆ, ಎಂಜಿನಿಯರ್ ಸಾರ್? ನನ್ನ ಅಕೌಂಟಿಗೆ ಒಪ್ಪಿಗೆ ಕೊಡಲ್ಲ ಅಂದ್ರಂತಲ್ಲ..."

ಮೇಡಂ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕರು.

"ಅಯ್ಯೋ ಹುಚ್ಚಿ! ಅವರು ಬಂದ ಮೊದಲನೇ ವಾರವೇ ಇಲ್ಲಿ ಬಂದು ನಿಂತು, ಬೆವರಿ, ತಡವರಿಸಿ ಏನಂದ್ರು ಗೊತ್ತಾ? 'ಮೇಡಂ, ಆಕೆ ವಿಷಯದಲ್ಲಿ ನಾನು ತೀರ್ಪು ಹೇಳಬಾರದು. ನನ್ನ ಮನಸ್ಸು ಆಗಲೇ ಅವರ ಕಡೆ ವಾಲಿಬಿಟ್ಟಿದೆ. ಅವರು ನಿರ್ದೋಷಿ ಅಂತ ನಾನೇ ಹೇಳಿದ್ರೆ, ಇಷ್ಟಪಟ್ಟ ಹುಡುಗಿನ ಉಳಿಸಿಕೊಂಡ ಅಂತ ನಾಳೆ ಜನ ಆಡಿಕೊಳ್ತಾರೆ. ಅವರ ಹೆಸರಿಗೆ ಅಂಥ ಮಸಿ ಬೇಡ' ಅಂತ. ನನ್ನ ಸರ್ವೀಸಲ್ಲೇ ಮೊದಲ ಸಲ ಕಣಮ್ಮ, ಹುಡುಗಿಗೆ ಹೇಳೋ ಮೊದಲು ಆಫೀಸಿಗೆ ಬಂದು ಪ್ರೀತಿ ಒಪ್ಪಿಸಿದ ಗಂಡಸನ್ನ ನೋಡಿದ್ದು!"

ಅವಳ ಕಣ್ಣು ತುಂಬಿತು. ನಗುವೂ ಬಂತು, ಸಿಟ್ಟೂ ಬಂತು. ಯಾವುದು ಮೊದಲು ಬಂದದ್ದು ಅಂತ ಅವಳಿಗೇ ಗೊತ್ತಾಗಲಿಲ್ಲ.

"ಈಗ ಅವರು ಎಲ್ಲಿದ್ದಾರೆ ಮೇಡಂ?"

"ಕೆಲಸ ಮುಗೀತಲ್ಲ, ಹೊರಟ್ರು. ಈಗ ತಾನೇ ಹೇಳಿ ಹೋದ್ರು..."

ಮಾತು ಮುಗಿಯುವವರೆಗೆ ಅವಳು ಅಲ್ಲಿದ್ದರೆ ತಾನೇ!

ಮೆಟ್ಟಿಲಿಳಿದು, ಔಷಧಿ ಅಂಗಡಿಯ ಸಾಲು ದಾಟಿ, ಗೇಟಿನ ಹತ್ತಿರ ಬಂದಾಗ ಅವನು ಹೆಗಲಿಗೆ ಬ್ಯಾಗ್ ಏರಿಸಿ ಆಟೋಗೆ ಕೈ ಮಾಡುತ್ತಿದ್ದ.

"ರೀ... ನಿಂತ್ಕೊಳ್ಳಿ!"

ಅವನು ತಿರುಗಿದ. ಆಟೋ ನಿಂತಿತು. ಇವರಿಬ್ಬರ ಮುಖ ನೋಡಿದ ಆಟೋದವನು ಏನೂ ಕೇಳದೆ ಮುಂದೆ ಹೋದ.

"ಮೇಡಂ ಎಲ್ಲ ಹೇಳಿದ್ರು," ಎಂದಳು ಏದುಸಿರು ಬಿಡುತ್ತ.

ಅವನು ತಲೆ ತಗ್ಗಿಸಿದ.

"ನನ್ನ ಹೆಸರು ಉಳಿಸಿದ್ರಿ, ಸಂತೋಷ. ಆದ್ರೆ ನಾನು ಎಷ್ಟು ಅತ್ತಿದ್ದೀನಿ ಗೊತ್ತಾ? ನಂಬ್ತೀನಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ನಂಬ್ತೀನಿ ಅಂತ ಶುರು ಮಾಡಿದ್ರೆ... ಅಲ್ಲಿಗೇ ನಿಲ್ಲಿಸೋಕೆ ನನಗೆ ಆಗ್ತಿರಲಿಲ್ಲ. ಎಲ್ಲಾನೂ ಹೇಳಿಬಿಡ್ತಿದ್ದೆ."

"ಹೇಳಬೇಕಿತ್ತು!"

"ಹ್ಯಾಗೆ ಹೇಳ್ಲಿ?" ಮೊದಲ ಸಲ ಅವನ ದನಿ ಏರಿತು. "ಆಗ ನಿಮ್ಮ ಕೆಲಸ ನನ್ನ ಕೈಯಲ್ಲಿತ್ತು. ನಾನು ಇಷ್ಟ ಅಂದಿದ್ರೆ, ಇಷ್ಟ ಇಲ್ಲದಿದ್ರೂ ಇಲ್ಲ ಅನ್ನೋಕೆ ನೀವು ಹೆದರ್ತಿದ್ರಿ. ಅಂಥ ಒಪ್ಪಿಗೆ ನನಗೆ ಬೇಡ... ಬೇಡವಾಗಿತ್ತು."

ಅವಳ ಸಿಟ್ಟು ಅಲ್ಲೇ ಕರಗಿತು. ಇದನ್ನು ಅವಳು ಯೋಚಿಸಿಯೇ ಇರಲಿಲ್ಲ.

"ಮತ್ತೆ ಈಗ?" ಎಂದಳು ಮೆಲ್ಲಗೆ.

"ಈಗ ನಿಮ್ಮ ಕೆಲಸ ನಿಮ್ಮದು. ನಾನು ಇಲ್ಲಿ ಯಾರೂ ಅಲ್ಲ. ಅದಕ್ಕೇ ಈಗ ಹೇಳ್ತೀನಿ." ಅವನು ಉಸಿರೆಳೆದುಕೊಂಡ. "ನೀವಂದ್ರೆ ನನಗೆ ತು... ತುಂಬ ಇಷ್ಟ. ಜೀವನಪೂರ್ತಿ ನಿಮ್ಮ ದನಿ ಕೇಳ್ತಾ ಇರ್ಬೇಕು ಅನ್ಸುತ್ತೆ. ನೀವು ಧಾರಾಳವಾಗಿ ಇಲ್ಲ ಅನ್ನಬಹುದು."

ಅವಳು ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಇಲ್ಲ," ಎಂದಳು.

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಆದರೆ ವಾದ ಮಾಡಲಿಲ್ಲ, ಯಾಕೆ ಅಂತಲೂ ಕೇಳಲಿಲ್ಲ. ಎರಡು ಸಲ ತಲೆಯಾಡಿಸಿದ.

"ಸರಿ. ಚೆನ್ನಾಗಿರಿ," ಅಂದು ಬ್ಯಾಗ್ ಸರಿಮಾಡಿಕೊಂಡು ರಸ್ತೆಯತ್ತ ಹೆಜ್ಜೆ ಹಾಕಿದ.

"ಎಲ್ಲಿಗೆ ಹೊರಟ್ರಿ?"

ಅವನು ಗೊಂದಲದಿಂದ ತಿರುಗಿದ. "ನೀವು... ಇಲ್ಲ ಅಂದ್ರಲ್ಲ?"

"ಅಂದೆ. ಅನ್ನೋಕೆ ನಿಜವಾಗ್ಲೂ ಬಿಡ್ತೀರೋ ಇಲ್ವೋ ಅಂತ ನೋಡ್ದೆ."

"ನೋಡಿ... ಆಯ್ತಾ?"

"ಆಯ್ತು." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ತುಟಿಯಲ್ಲಿ ನಗು. "ಇಲ್ಲ ಅಂದ್ರೂ ಚೆನ್ನಾಗಿರಿ ಅಂತ ಹೊರಟ್ರಲ್ಲ, ಅದಕ್ಕೇ ಈಗ ಹೂಂ ಅಂತಿದ್ದೀನಿ."

ಅವನು ಅಲ್ಲೇ, ಗೇಟಿನ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತ!

"ನನ್ನ ಜೀವ ಹೋಗಿ ಬಂತು ಕಣ್ರೀ."

"ಹೋಗ್ಲಿ ಬಿಡಿ, ನನ್ನದು ಎರಡು ದಿನಪೂರ್ತಿ ಹೋಗಿ ಬಂದಿದೆ." ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಅವನ ಪಕ್ಕದಲ್ಲೇ ಕೂತಳು. "ಇನ್ಮೇಲೆ ನನ್ನ ವಿಷಯ ಏನೇ ಇದ್ರೂ ಮೊದಲು ನನಗೆ ಹೇಳ್ಬೇಕು. ದೊಡ್ಡ ಮೇಡಂಗಲ್ಲ."

"ಮಾತು ಬರದಿದ್ರೆ?"

"ಬರೋವರೆಗೂ ಕಾಯ್ತೀನಿ. ಹೇಳಿ."

ಅವನು ತುಂಬ ಹೊತ್ತು ಅವಳ ಕೈ ನೋಡಿದ. ಆಮೇಲೆ ಹೆದರಿ ಹೆದರಿ ಅದನ್ನು ಹಿಡಿದುಕೊಂಡ.

"ನನಗೆ... ತುಂಬ ಹಸಿವಾಗಿದೆ," ಎಂದ.

"ನಂಗೂ," ಎಂದಳು ಅವಳು.